ಎಣ್ಣೆ ಹೊಡೆಯದೆ ದಾಸವಾಳದ ಬೇಲಿ ಉಳಿಸಿದ್ದು

ಗಂಗಾವತಿಯಲ್ಲಿ ನಾನು ನೋಡಿಕೊಳ್ಳುವ ಒಂದು ಕಲ್ಯಾಣ ಮಂಟಪದ ತೋಟಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು ಬಿಟ್ಟು ಎರಡು ವರ್ಷದ ಮೇಲಾಯಿತು. ಸುಮಾರು ಇನ್ನೂರು ಅಡಿ ದಾಸವಾಳದ ಬೇಲಿ, ಒಂದಿಷ್ಟು ಗುಲಾಬಿ, ಮುಂದೆ ಹುಲ್ಲುಹಾಸು. ಈ ಸಲ ಹಸ್ತ ಮಳೆ ನಿಂತ ಮೇಲೂ ಬೇಲಿ ಹಸಿರಾಗಿಯೇ ಇದೆ. "ಎಣ್ಣಿ ಹೊಡೀಲಾರ್ದ ದಾಸವಾಳ ಉಳಿತಾವೇನೋ ತಮ್ಮಾ?" ಎಂದು ಕೇಳಿದ್ದ ಸಾಹುಕಾರರೇ ಈಗ ತಮ್ಮ ಮನೆ ಅಂಗಳವನ್ನೂ ನನಗೆ ವಹಿಸಿದ್ದಾರೆ.

ಗಿಡದ ರಸ ಹೀರುವ ಬಿಳಿ ಹುಳು, ಹಿಟ್ಟು ತಿಗಣೆಯ ಕಾಟ ಗೊತ್ತಲ್ವಾ? ಜೋರು ಮಳೆ ಇರುವಷ್ಟು ದಿನ ತೊಳೆದು ಹೋಗುತ್ತದೆ. ಹಿಂಗಾರು ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದರೆ ಸಾಕು, ಚಿಗುರೆಲ್ಲ ಬೆಳ್ಳಗಾಗಿ ಮುದುಡುತ್ತದೆ. ಇತ್ತ ದೀಪಾವಳಿ ಮುಗಿದರೆ ಮದುವೆಗಳು ಶುರು. ಆಗ ಬೇಲಿ ಬೋಳಾಗಿದ್ದರೆ ಮಾಲೀಕರು ಸುಮ್ನೆ ಬಿಡುತ್ತಾರಾ?

ಮೊದಲ ವರ್ಷ ಬೇವಿನ ಬೀಜದ ಕಷಾಯ ಒಂದನ್ನೇ ನಂಬಿದ್ದೆ. ಲೀಟರಿಗೆ ಐವತ್ತು ಗ್ರಾಂ ಲೆಕ್ಕ, ರಾತ್ರಿ ನೆನೆಸಿ, ಸೋಸಿ, ಸಂಜೆ ಹೊತ್ತೇ ಹೊಡೆದೆ. ಆದರೂ ತಿಗಣೆಯ ಮೈಮೇಲಿನ ಮೇಣ ಅದನ್ನು ಒಳಗೆ ಬಿಡಲಿಲ್ಲ, ಹನಿ ಹನಿಯಾಗಿ ಜಾರಿ ಹೋಯಿತು. ಬೇಲಿಯ ಕಾಲು ಭಾಗ ಒಣಗಿತು. ಹೊಸ ಗಿಡಕ್ಕೇ ಐದು ಸಾವಿರದ ಹತ್ತಿರ ಕೈಬಿಟ್ಟಿತು.

ದಾರಿ ತೋರಿಸಿದ್ದು ಇರುವೆ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ತಿನ್ನಲು ಬಂದ ಹುಳುವನ್ನು ಓಡಿಸುತ್ತದೆ. ಹಾಗಾಗಿ ಮೊದಲು ಇರುವೆಯ ದಾರಿ ಕಟ್ಟಿದೆ. ಗೋಡೆಗೆ ತಾಗುವ ಟೊಂಗೆ ಕತ್ತರಿಸಿದೆ. ಬುಡದ ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಸವರಿದೆ. ಗ್ರೀಸ್ ತೊಗಟೆಗೆ ತಾಗಬಾರದು. ಧೂಳು ಕೂತರೆ ಅದು ಕೆಲಸಕ್ಕೆ ಬರಲ್ಲ, ಮತ್ತೆ ಸವರಬೇಕು. ಆಮೇಲೆ ಪೈಪಿನ ನೀರನ್ನು ರಭಸವಾಗಿ ಎಲೆಯಡಿಗೆ ಬಿಟ್ಟು ತೊಳೆದೆ. ಮೇಣ ಹೋದ ಮೇಲೆ ಸೋಪಿನ ನೀರು ಬೆರೆಸಿದ ಅದೇ ಕಷಾಯ ಹಿಡಿಯಿತು. ಕಷಾಯಕ್ಕೆ ಇನ್ನೊಂದು ಸೊಪ್ಪು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇರುವೆ ನಿಂತ ಕೆಲವೇ ವಾರಕ್ಕೆ ತಿಗಣೆ ತಿನ್ನುವ ಗುಲಗಂಜಿ ಹುಳು ಬಂತು. ಕಪ್ಪು ಮೈ, ಕಿತ್ತಳೆ ತಲೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಕಾಫಿ ತೋಟಗಳಿಗಾಗಿ ನಮ್ಮ ದೇಶಕ್ಕೆ ತಂದ ಜಾತಿ ಅದು. ಅದರ ಮರಿ ನೋಡಲು ತಿಗಣೆಯಂತೆಯೇ, ಮೈತುಂಬ ಬಿಳಿ ಮೇಣದ ಎಳೆ. ನನ್ನ ಆಳುಗಳು ಹಿಚುಕಲು ಹೊರಟಿದ್ದರು, ನಾನು ತಡೆದೆ. ಕಡ್ಡಿಯಿಂದ ಮುಟ್ಟಿ ನೋಡಿ: ತಿಗಣೆಗಿಂತ ದೊಡ್ಡದಿದ್ದು, ಸರಸರ ಓಡಿದರೆ ಅದು ನಮ್ಮ ಹುಳು. ಅದು ಕಂಡ ಟೊಂಗೆಗೆ ಕಷಾಯವನ್ನೂ ಹೊಡೆಯಬೇಡಿ.

ಮೊದಲು ಎಣ್ಣೆ, ಕೂಲಿ ಸೇರಿ ಒಂದು ಹಂಗಾಮಿಗೆ ಏಳೆಂಟು ಸಾವಿರ ಹೋಗುತ್ತಿತ್ತು. ಈಗ ಎರಡೂವರೆ ಸಾವಿರ ದಾಟಲ್ಲ, ಅದರಲ್ಲೂ ಕೂಲಿಯದೇ ಜಾಸ್ತಿ. ಬೇವಿನ ಬೀಜ ಆಷಾಢದಲ್ಲಿ ಮರದಡಿಯೇ ಆರಿಸಿ ಇಟ್ಟಿದ್ದು.

ನಡುವೆ ಬುಡಕ್ಕೆ ಹೊದಿಕೆಯನ್ನೂ ಮಾಡಿ ನೋಡಿದೆ. ರೈಸ್ ಮಿಲ್ಲಿನ ಭತ್ತದ ಹೊಟ್ಟು ಗಾಳಿಗೆ ಹಾರಿ ಮಂಟಪದೊಳಗೆ ಸೇರಿತು. ಬೇಸಿಗೆ ಬೆಳೆಯ ಭತ್ತದ ಹುಲ್ಲು ಚೆನ್ನಾಗಿ ನಿಂತಿತು, ನೀರು ಬಿಡುವುದು ಅರ್ಧಕ್ಕೆ ಇಳಿಯಿತು. ಸುಡುವ ಬದಲು ಕೊಡುತ್ತೇನೆಂದ ರೈತರಿಗೆ ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಕೊಟ್ಟೆ. ಕಾಂಡದಿಂದ ಒಂದು ಗೇಣು ದೂರ ಹಾಸಬೇಕು, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ.

ಗುಲಾಬಿಯ ಮೊಗ್ಗು ಕೆಡಿಸುವ ನುಸಿ (ಥ್ರಿಪ್ಸ್) ಮಾತ್ರ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ನೀಲಿ ಅಂಟು ಹಾಳೆ ಕಟ್ಟಿದ್ದೇನೆ, ಕೆಟ್ಟ ಮೊಗ್ಗು ಚಿವುಟಿ ದೂರ ಹಾಕಿಸುತ್ತಿದ್ದೇನೆ. ಚಿತ್ತಾ ಮಳೆ ಕಳೆದ ಮೇಲೆ ಮೊಗ್ಗು ಹೇಗೆ ಬರುತ್ತದೋ ನೋಡಿ ಮುಂದಿನದು ಮಾಡುತ್ತೇನೆ.