ಹೊಲಿಗೆ ತಪ್ಪಿದರೆ ಮೊದಲು ಸೂಜಿ ನೋಡಿ

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಕಾಲುಮಷಿನ್ ತುಳಿದು, ಜಂಪರು ಹೊಲಿದು ನಮ್ಮನ್ನು ಓದಿಸಿದಳು. ಈಗ ಅದೇ ಮಷಿನ್ ಮೇಲೆ ನಾನು ಹೊಲಿಯುತ್ತೇನೆ. ಹೊಸದಾಗಿ ಹೊಲಿಗೆ ಕಲಿತ ಓಣಿಯ ಹುಡುಗಿಯರು, “ಅಕ್ಕಾ, ಹೊಲಿಗೆ ತಪ್ಪುತ್ತಿದೆ, ರಿಪೇರಿಯವರನ್ನು ಕರೆಯಲೇ?” ಎಂದು ಓಡಿ ಬರುತ್ತಾರೆ. ಬಹಳ ಸಲ ಅದರ ಅಗತ್ಯವೇ ಇರುವುದಿಲ್ಲ.

ಮೊದಲು ಸೂಜಿಯನ್ನು ಬಿಚ್ಚಿ ನೋಡಿ. ಕೈಸೂಜಿಗೆ ಕಣ್ಣು ತಲೆಯಲ್ಲಿ, ಮಷಿನ್ ಸೂಜಿಗೆ ಮೊನೆಯಲ್ಲಿ. ಅಮೆರಿಕದ ಎಲಿಯಾಸ್ ಹೌ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದ ಜೀವಾಳವೇ ಮೊನೆಯಲ್ಲಿ ಕಣ್ಣಿರುವ ಈ ಸೂಜಿ ಮತ್ತು ಕೆಳದಾರವನ್ನು ಒಯ್ಯುವ ಶಟಲ್. ನಮ್ಮ ಮಷಿನ್‌ನಲ್ಲಿ ಸೂಜಿ ಕೆಳಗಿಳಿದು ತುಸು ಮೇಲೇಳುವಾಗ ದಾರ ಸಣ್ಣ ಕುಣಿಕೆಯಾಗುತ್ತದೆ. ಶಟಲ್‌ನ ಕೊಕ್ಕೆ ಅದನ್ನು ಹಿಡಿದು ಬಾಬಿನ್ (ಕೆಳದಾರದ ಸಣ್ಣ ಉರುಳೆ) ದಾರವನ್ನು ಸುತ್ತಿಸುತ್ತದೆ. ಸೂಜಿ ಕೂದಲೆಳೆಯಷ್ಟು ಬಾಗಿದ್ದರೂ ಕೊಕ್ಕೆಗೆ ಕುಣಿಕೆ ಸಿಗುವುದಿಲ್ಲ. ಸೂಜಿಯ ಚಪ್ಪಟೆ ಮಗ್ಗುಲನ್ನು ಗಾಜಿನ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಸೂಜಿ ಮತ್ತು ಗಾಜಿನ ನಡುವಿನ ಸಂದು ಒಂದೇ ಸಮ ಇರದಿದ್ದರೆ ಸೂಜಿ ಬದಲಿಸಿ. ಹೊಸದನ್ನು ಮೇಲಕ್ಕೆ ತಾಗುವವರೆಗೆ ಏರಿಸಿ ತಿರುಪು ಬಿಗಿಯಿರಿ. ಸೂಜಿಯ ಉದ್ದನೆಯ ತೋಡು ಯಾವ ಕಡೆಗಿದೆಯೋ ಆ ಕಡೆಯಿಂದಲೇ ದಾರ ಪೋಣಿಸಬೇಕು.

ಬಟ್ಟೆಯ ಅಡಿಯಲ್ಲಿ ದಾರ ಗುಂಜು ಗುಂಜಾಗಿ ಬಂದರೆ ಎಲ್ಲರೂ ಬಾಬಿನ್ನನ್ನು ಬಯ್ಯುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ ಪಾದ ಇಳಿಸಿದ್ದಾಗ, ಮೇಲಿನ ದಾರವನ್ನು ಹಿಡಿಯುವ ಟೆನ್ಷನ್ ಬಿಲ್ಲೆಗಳು ಬಿಗಿದಿರುತ್ತವೆ, ದಾರ ಒಳಗೆ ಕೂರುವುದಿಲ್ಲ. ಪಾದ ಎತ್ತಿ, ದಾರವನ್ನು ಮೊದಲಿನಿಂದ ಹಾಕಿ.

ಬಾಬಿನ್ ಕೂರುವ ಕೇಸಿನ ಬಿಗಿ ನೋಡಲು ಅವ್ವ ಕಲಿಸಿದ ವಿಧಾನ ಇದು: ತುಂಬಿದ ಕೇಸನ್ನು ದಾರದಿಂದ ತೂಗಿ ಹಿಡಿಯಿರಿ, ತಾನಾಗಿ ಜಾರಬಾರದು. ಕೈ ಮೆಲ್ಲಗೆ ಕೊಡವಿದಾಗ ಒಂದಿಷ್ಟು ಜಾರಿ ನಿಲ್ಲಬೇಕು. ಸರ್ರನೆ ಇಳಿದರೆ ಪಕ್ಕದ ತಿರುಪನ್ನು ಕಾಲು ಸುತ್ತಿಗಿಂತಲೂ ಕಡಿಮೆ ಬಿಗಿಯಿರಿ.

ಗುಳೇದಗುಡ್ಡದ ಖಣ ಹೊಲಿಯುವ ಮುಂಚೆ ಕತ್ತರಿಸಿ ಉಳಿದ ಚೂರಿನ ಮೇಲೆ ನಾಲ್ಕು ಬೆರಳು ಹೊಲಿದು ನೋಡಿ. ಬಿಚ್ಚಿದ ಹೊಲಿಗೆಯ ತೂತು ಖಣದಲ್ಲಿ ಕಾಣುತ್ತಲೇ ಇರುತ್ತದೆ. ಇನ್ನೊಬ್ಬರ ಮದುವೆಯ ಬಟ್ಟೆ ನಮ್ಮ ಕೈಯಲ್ಲಿರುತ್ತದೆ, ಅಷ್ಟು ಎಚ್ಚರ ಬೇಕೇ ಬೇಕು.

ದಿನವಿಡೀ ಹೊಲಿಯುವವರು ವಾರಕ್ಕೊಮ್ಮೆಯಾದರೂ ಸೂಜಿ ತಟ್ಟೆ ಬಿಚ್ಚಿ, ಬಟ್ಟೆಯನ್ನು ಸರಿಸುವ ಹಲ್ಲುಗಳ ನಡುವಿನ ಜುಂಗನ್ನು ಬ್ರಷ್‌ನಿಂದ ತೆಗೆದು, ಎಣ್ಣೆ ತೂತುಗಳಿಗೆ ಒಂದೊಂದು ಹನಿ ಮಷಿನ್ ಎಣ್ಣೆ ಬಿಡಿ. ನಾನೊಮ್ಮೆ ಕೊಬ್ಬರಿ ಎಣ್ಣೆ ಹಾಕಿದ್ದೆ. ಡಿಸೆಂಬರಿನ ಚಳಿಗೆ ಅದು ಒಳಗೇ ಹೆಪ್ಪುಗಟ್ಟಿ, ಚಕ್ರ ತಿರುಗದೆ ಎರಡು ದಿನದ ದುಡಿಮೆ ಹೋಯಿತು.

ಎಣ್ಣೆ ಹಾಕಿದ ಮೇಲೆ ದಾರವಿಲ್ಲದೆ ಹಳೆಯ ಬಟ್ಟೆಯ ಮೇಲೆ ತುಸು ಹೊತ್ತು ತುಳಿಯಿರಿ. ರಾತ್ರಿ ಪಾದದ ಕೆಳಗೆ ಒಂದು ಚಿಂದಿ ಇಟ್ಟು ಮುಚ್ಚಿ. ಬೆಳಗಿನವರೆಗೆ ಇಳಿಯುವ ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ.