ಕೊಡಗಿನ ಚಳಿ, ಹಳೇ ಗ್ಯಾರಾರ್ಡ್ ಮತ್ತು ಒಂದು ರಬ್ಬರ್ ಚಕ್ರ

ನಮ್ಮ ಮನೆಯ ಗ್ಯಾರಾರ್ಡ್ ಎಸ್‌ಪಿ 25 ರೆಕಾರ್ಡ್ ಪ್ಲೇಯರ್ ತಿರುಗುತ್ತಿತ್ತು, ಆದರೆ ಹಾಡು ಎಳೆದೆಳೆದು ಬರುತ್ತಿತ್ತು. ಬೆಳಿಗ್ಗೆ ಚಳಿಯಲ್ಲಿ ಹಾಕಿದರೆ ಇನ್ನೂ ಜಾಸ್ತಿ. ಸ್ವಲ್ಪ ಹೊತ್ತು ಓಡಿದ ಮೇಲೆ ಸರಿಹೋದ ಹಾಗೆ ಕಾಣುತ್ತಿತ್ತು, ಆದರೆ ರೆಕಾರ್ಡ್ ಇಡುವ ತಟ್ಟೆಯ ಕೆಳಗಿನ ಟಕ್ ಟಕ್ ಸದ್ದು ಮಾತ್ರ ನಿಲ್ಲುತ್ತಿರಲಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ‘ಬೆಲ್ಟ್ ಹೋಗಿದೆ, ಈಗ ಸಿಗಲ್ಲ’ ಅಂದರು. ಈ ಪ್ಲೇಯರ್‌ನಲ್ಲಿ ಬೆಲ್ಟೇ ಇಲ್ಲ! ಹಾಗಾಗಿ ನಾನೇ ಬಿಚ್ಚಿದೆ.

ಇದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದ ಗ್ಯಾರಾರ್ಡ್ ಕಂಪನಿಯ 1960ರ ದಶಕದ ಮಾಡೆಲ್. ಮೋಟರ್ ತಲೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿರುವ ಒಂದು ಪುಟ್ಟ ಪುಲ್ಲಿ ಇರುತ್ತದೆ, ಒಂದೊಂದು ಮೆಟ್ಟಿಲು ಒಂದೊಂದು ಸ್ಪೀಡಿಗೆ. ಆ ಪುಲ್ಲಿಗೂ ತಟ್ಟೆಯ ಒಳಗಿನ ಅಂಚಿಗೂ ನಡುವೆ ರಬ್ಬರ್ ಅಂಚಿನ ಒಂದು ಚಕ್ರ, ಅದೇ ಐಡ್ಲರ್. ಒಂದು ಸ್ಪ್ರಿಂಗ್ ಅದನ್ನು ಎರಡಕ್ಕೂ ಒತ್ತಿ ಹಿಡಿಯುತ್ತದೆ. ಅಷ್ಟೇ ಡ್ರೈವ್.

ಪ್ಲಗ್ ಕಿತ್ತು, ನಡುವಿನ ಕಡ್ಡಿಯ ಕ್ಲಿಪ್ ತೆಗೆದು ತಟ್ಟೆ ಎತ್ತಿದೆ. ಐಡ್ಲರನ್ನು ಪಕ್ಕಕ್ಕೆ ಸರಿಸಿ ಪುಲ್ಲಿಯನ್ನು ಬೆರಳಲ್ಲೇ ತಿರುಗಿಸಿದರೆ ಬಿಗಿ. ಸುಮ್ನೆ ತಳ್ಳಿ ಬಿಟ್ಟರೆ ಆರಾಮಾಗಿ ಸುತ್ತಬೇಕಾದದ್ದು ಅಲ್ಲೇ ನಿಲ್ಲುತ್ತಿತ್ತು. ಅಂದರೆ ಮೊದಲ ರೋಗ ಮೋಟರ್‌ದು. ದೊಡ್ಡಮ್ಮ ನೋಡುತ್ತಾ ನಿಂತಿದ್ದವರು, ‘ನಿನ್ನ ದೊಡ್ಡಪ್ಪ ಅದಕ್ಕೆ ಕೊಬ್ಬರಿ ಎಣ್ಣೆನೇ ಬಿಡ್ತಿದ್ರು ಕಣೋ’ ಅಂದರು. ಎಲ್ಲ ಅರ್ಥವಾಯಿತು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಮಡಿಕೇರಿ ಕಡೆ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿರುವುದೇ ಕಲ್ಲಾಗಿರುತ್ತದೆ ಅಲ್ವಾ? ಇಷ್ಟು ವರ್ಷದಲ್ಲಿ ಅದು ಧೂಳಿನ ಜೊತೆ ಸೇರಿ ಅಂಟಾಗಿ, ಮೋಟರ್ ಕಡ್ಡಿಯನ್ನು ಹಿಡಿದಿರುವ ಬುಷ್ ಒಳಗೆ ಕಂದು ಬಣ್ಣದ ಮೇಣದ ಹಾಗೆ ಕೂತಿತ್ತು.

ಮೋಟರ್ ಬಿಚ್ಚಿ, ಬುಷ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ತೊಳೆದೆ. ಈ ಬುಷ್‌ಗಳು ಸಣ್ಣ ಸಣ್ಣ ರಂಧ್ರಗಳಿರುವ ಕಂಚಿನವು, ಎಣ್ಣೆಯನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತವೆ. ತೊಳೆದಾಗ ಆ ಎಣ್ಣೆಯೂ ಹೋಗುತ್ತದೆ, ಆದ್ದರಿಂದ ಮೇಲೆ ಎರಡು ಹನಿ ಬಿಟ್ಟರೆ ಸಾಲದು. ಬೆಚ್ಚಗಿನ ಹೊಲಿಗೆ ಮೆಷಿನ್ ಎಣ್ಣೆಯಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ, ಪಕ್ಕದಲ್ಲಿ ಎಣ್ಣೆ ಹಿಡಿದಿಡುವ ಫೆಲ್ಟ್ ಬಟ್ಟೆಯ ಬಿಲ್ಲೆಗೂ ಕುಡಿಸಿದೆ. ಜೋಡಿಸುವಾಗ ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿ ಮಾಡದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ, ನಡುನಡುವೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಆಗ ಬುಷ್‌ಗಳು ತಾವಾಗಿಯೇ ನೇರಕ್ಕೆ ಕೂರುತ್ತವೆ. ಈಗ ಆಫ್ ಮಾಡಿದ ಮೇಲೂ ಪುಲ್ಲಿ ಸುಮಾರು ಹೊತ್ತು ಸುತ್ತಿ ನಿಧಾನವಾಗಿ ನಿಲ್ಲುತ್ತದೆ. ನನಗೆ ಇಡೀ ಕೆಲಸದಲ್ಲಿ ಅತಿ ಖುಷಿ ಕೊಟ್ಟ ಕ್ಷಣ ಅದು.

ತಟ್ಟೆಯ ಕೆಳಗಿನ ಗುಂಡು ಬೇರಿಂಗ್ ಒರೆಸಿ ಚೂರು ಗ್ರೀಸ್ ಹಾಕಿದೆ, ಅಷ್ಟೇ.

ಟಕ್ ಟಕ್ ಸದ್ದಿಗೆ ಕಾರಣ ಐಡ್ಲರ್. ಪ್ಲೇಯರ್ ತಾನಾಗಿ ನಿಂತರೆ ಐಡ್ಲರ್ ಪುಲ್ಲಿಯಿಂದ ದೂರ ಸರಿಯುತ್ತದೆ. ಹಾಡು ಬರುತ್ತಿರುವಾಗಲೇ ಕರೆಂಟ್ ಹೋದರೆ ಅದು ಒತ್ತಿಕೊಂಡೇ ಇರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ, ಅಷ್ಟು ದಿನ ರಬ್ಬರ್ ಒಂದೇ ಕಡೆ ಒತ್ತಿ ಅಲ್ಲಿ ಹಳ್ಳ ಬೀಳುತ್ತದೆ. ಉಗುರು ಆಡಿಸಿದರೆ ಆ ಹಳ್ಳ ಸ್ಪಷ್ಟವಾಗಿ ಸಿಗುತ್ತಿತ್ತು. ಉಳಿದ ಅಂಚು ಗಾಜಿನಂತೆ ನುಣುಪು. ಚಕ್ರದ ನಡುವೆ ಬೋಲ್ಟ್ ತೂರಿಸಿ ನಟ್ ಹಾಕಿ, ಡ್ರಿಲ್‌ಗೆ ಸಿಕ್ಕಿಸಿ, ಮರದ ತುಂಡಿಗೆ ಅಂಟಿಸಿದ 400 ನಂಬರ್ ಸ್ಯಾಂಡ್‌ಪೇಪರ್ ಹಿಡಿದು ಹಗುರವಾಗಿ ಉಜ್ಜಿದೆ. ಹೊಳಪು ಹೋಗಿ ಮಂದ ಕಪ್ಪು ಬಂದರೆ, ಹಳ್ಳ ಬೆರಳಿಗೆ ಸಿಗದಿದ್ದರೆ ಸಾಕು. ರಬ್ಬರ್ ಸವೆದರೆ ಸ್ಪೀಡ್ ಬದಲಾಗುತ್ತದೆ ಅಂತ ತುಂಬ ಜನ ಹೆದರುತ್ತಾರೆ. ಬದಲಾಗುವುದಿಲ್ಲ. ಸ್ಪೀಡ್ ನಿರ್ಧರಿಸುವುದು ಪುಲ್ಲಿ ಮತ್ತು ತಟ್ಟೆಯ ಅಂಚಿನ ಅಳತೆ ಮಾತ್ರ, ನಡುವಿನ ಚಕ್ರ ಓಟವನ್ನು ದಾಟಿಸುತ್ತದೆ ಅಷ್ಟೇ. ಹಿಡಿತ ಸಾಲದು ಅಂತ ಸ್ಪ್ರಿಂಗ್ ಕತ್ತರಿಸಿ ಬಿಗಿ ಮಾಡುವವರಿದ್ದಾರೆ, ದಯವಿಟ್ಟು ಬೇಡ, ಮೋಟರ್ ಗುಂಯ್ ಸದ್ದು ಸೀದಾ ಸ್ಪೀಕರ್‌ಗೆ ಬರುತ್ತದೆ. ಕೊನೆಗೆ ರಬ್ಬರ್, ಪುಲ್ಲಿ, ತಟ್ಟೆಯ ಒಳ ಅಂಚು ಮೂರನ್ನೂ ಆಲ್ಕೋಹಾಲ್‌ನಲ್ಲಿ ಒರೆಸಿ. ಅಲ್ಲಿ ಎಣ್ಣೆಯ ಬೆರಳಚ್ಚು ಕೂಡ ಇರಬಾರದು.

ಸ್ಪೀಡ್ ನೋಡಲು ಸ್ಟ್ರೋಬ್ ಡಿಸ್ಕ್ ಸಾಕು, ಅಂದರೆ ತಟ್ಟೆಯ ಮೇಲಿಟ್ಟು ಮಿನುಗುವ ಬೆಳಕಲ್ಲಿ ನೋಡುವ, ಸುತ್ತಲೂ ಗೆರೆಗಳಿರುವ ಬಿಲ್ಲೆ. ನಮ್ಮ 50 ಹರ್ಟ್ಸ್ ಕರೆಂಟ್‌ಗೆ, ನಿಮಿಷಕ್ಕೆ 33⅓ ಸುತ್ತಿನ ಡಿಸ್ಕ್‌ನಲ್ಲಿ 180 ಗೆರೆ ಇರುತ್ತವೆ. ಈಗಿನ ಎಷ್ಟೋ ಎಲ್‌ಇಡಿ ಬಲ್ಬ್ ಮಿನುಗುವುದೇ ಇಲ್ಲ, ಅದರ ಬೆಳಕಲ್ಲಿ ಗೆರೆ ಕಾಣುವುದಿಲ್ಲ, ನಾನು ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಕೆಳಗೆ ನೋಡಿದೆ. ಸೂಜಿ ರೆಕಾರ್ಡ್ ಮೇಲಿದ್ದಾಗಲೇ ನೋಡಬೇಕು. ಗೆರೆ ನಿಂತಿದ್ದರೆ ಸರಿ, ತಟ್ಟೆ ತಿರುಗುವ ಕಡೆಗೇ ಸರಿದರೆ ಫಾಸ್ಟ್, ಹಿಂದಕ್ಕೆ ಸರಿದರೆ ಸ್ಲೋ. ಅಮೆರಿಕದಿಂದ ತಂದ ಪ್ಲೇಯರ್ ಆಗಿದ್ದರೆ ಮೊದಲು ಪುಲ್ಲಿ ನೋಡಿ, ಅಲ್ಲಿನ 60 ಹರ್ಟ್ಸ್ ಕರೆಂಟ್‌ಗೆ ಮಾಡಿದ್ದು ಇಲ್ಲಿ 33⅓ರ ಬದಲು 27.8ರಲ್ಲಿ ಸುತ್ತುತ್ತದೆ, ಎಷ್ಟು ಎಣ್ಣೆ ಹಾಕಿದರೂ ಅದು ಸರಿಹೋಗುವುದಿಲ್ಲ.

ನನ್ನದರಲ್ಲಿ ಗೆರೆಗಳು ಈಗ ನಿಂತಿವೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಎಲ್ಲರೂ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದಾಗ ವೋಲ್ಟೇಜ್ ಬೀಳುತ್ತದೆ, ಆಗ ಸ್ವಲ್ಪ ಹಿಂದಕ್ಕೆ ಸರಿಯುತ್ತವೆ. ಅದಕ್ಕೊಂದು ಸ್ಟೆಬಿಲೈಸರ್ ಹುಡುಕುತ್ತಿದ್ದೇನೆ.