ಹವಾಮಾನ ಮಸೂದೆಯ ಕರಡು: ಗುರಿಯ ವರ್ಷವನ್ನು ನಾನು ಕೊನೆಗೆ ಓದುತ್ತೇನೆ

ಹಸಿರುಮನೆ ಅನಿಲ ತಗ್ಗಿಸುವ ಮಸೂದೆಯ ಕರಡು ಕೈಗೆ ಬಂದರೆ ‘2050ಕ್ಕೆ ನೆಟ್ ಝೀರೋ’ (ಬಿಡುವಷ್ಟನ್ನು ಹೀರಿಕೊಂಡು ನಿವ್ವಳ ಸೊನ್ನೆ ಮಾಡುವುದು) ಎಂಬ ಸಾಲಿನ ಹತ್ತಿರ ನಾನು ಮೊದಲು ಹೋಗುವುದಿಲ್ಲ. ಅಲ್ಲಿಯವರೆಗೆ ಒಟ್ಟು ಎಷ್ಟು ಟನ್ ಬಿಡಬಹುದು ಅನ್ನುವ ಕಲಂ ಇದೆಯೇ ಎಂದು ಹುಡುಕುತ್ತೇನೆ.

ಈಗಿನ ಹೊರಸೂಸುವಿಕೆ ವರ್ಷಕ್ಕೆ 100 ಎಂದುಕೊಳ್ಳಿ. ವರ್ಷವರ್ಷವೂ ಸಮನಾಗಿ ಇಳಿಸುತ್ತಾ 30 ವರ್ಷದಲ್ಲಿ ಸೊನ್ನೆ ಮುಟ್ಟಿದರೆ ಗಾಳಿಗೆ ಸೇರುವುದು ಸುಮಾರು 1,500. ಇಪ್ಪತ್ತು ವರ್ಷ ಸುಮ್ಮನೆ ಕೂತು ಕೊನೆಯ ಹತ್ತರಲ್ಲಿ ಇಳಿಸಿದರೆ ಸುಮಾರು 2,500. ಬರೀ ಗುರಿಯ ವರ್ಷ ಬರೆದ ಕಾನೂನಿನ ಕಣ್ಣಿಗೆ ಎರಡೂ ಒಂದೇ. ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುವುದರಿಂದ ಭೂಮಿಯ ಬಿಸಿ ಏರಿಸುವುದು ಗುರಿಯ ವರ್ಷವಲ್ಲ, ಈ ಒಟ್ಟು ಮೊತ್ತ.

ಬ್ರಿಟನ್ನಿನ 2008ರ ಕಾಯ್ದೆ ಇದಕ್ಕೇ ಐದೈದು ವರ್ಷದ ಕಾರ್ಬನ್ ಬಜೆಟ್, ಅಂದರೆ ಆ ಅವಧಿಯಲ್ಲಿ ಒಟ್ಟು ಬಿಡಬಹುದಾದ ಅನಿಲದ ಮಿತಿ, ಇಟ್ಟಿತು, ಅದನ್ನೂ ಸುಮಾರು 12 ವರ್ಷ ಮುಂಚೆಯೇ ನಿಗದಿ ಮಾಡಬೇಕು. ಮುಂದಿನ ಬಜೆಟ್ಟಿನಿಂದ ಸಾಲ ತರಬಹುದು, ಆದರೆ ಅದರ 1%ಕ್ಕಿಂತ ಹೆಚ್ಚಲ್ಲ. ಕರಡಿನಲ್ಲಿ ಸಾಲಕ್ಕೆ ಇಂಥ ಮಿತಿ ಇಲ್ಲದಿದ್ದರೆ ಬಜೆಟ್ ಇದ್ದೂ ಇಲ್ಲದಂತೆ.

ಆಮೇಲೆ ಆಧಾರ ವರ್ಷ, ಅಂದರೆ ಇಳಿಕೆಯನ್ನು ಯಾವ ವರ್ಷದ ಅಂಕಿಗೆ ಹೋಲಿಸಿ ಅಳೆಯುತ್ತೇವೋ ಅದು. ಹೆಚ್ಚು ಕೈಕೊಡುವ ಜಾಗ ಇದು. ದನಗಳ ಹೊಟ್ಟೆಯಿಂದಲೂ ಬರುವ ಮೀಥೇನನ್ನು ಡೈಆಕ್ಸೈಡ್ ಲೆಕ್ಕಕ್ಕೆ ತರಲು ಐಪಿಸಿಸಿಯ (ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ) ನಾಲ್ಕನೇ ವರದಿಯ ಗುಣಕ 25, ಐದನೆಯದರಲ್ಲಿ 28. 4 ಲಕ್ಷ ಟನ್ ಮೀಥೇನ್ ಹಳೆ ಲೆಕ್ಕದಲ್ಲಿ 1 ಕೋಟಿ ಟನ್, ಹೊಸದರಲ್ಲಿ 1.12 ಕೋಟಿ. ಒಂದು ಹಸುವೂ ಹೆಚ್ಚದೆ 12 ಲಕ್ಷ ಟನ್ ಏರಿತು! ಗುಣಕ ಬದಲಾದಾಗ ಆಧಾರ ವರ್ಷದ ಅಂಕಿ, ಬಜೆಟ್ ಎರಡನ್ನೂ ಮರುಲೆಕ್ಕ ಹಾಕತಕ್ಕದ್ದು ಎಂದು ಬರೆಯದಿದ್ದರೆ ಹೊಸ ಅಂಕಿಯನ್ನು ಹಳೆಯದಕ್ಕೆ ಹೋಲಿಸುತ್ತಾ ಕೂರಬೇಕಾಗುತ್ತದೆ. ನ್ಯೂಜಿಲೆಂಡ್ 2019ರಲ್ಲಿ ಜೈವಿಕ ಮೀಥೇನಿಗೆ (ದನಕರು, ಕಸದಂಥ ಮೂಲಗಳಿಂದ ಬರುವುದಕ್ಕೆ) ಬೇರೆಯೇ ಗುರಿ ಕೊಟ್ಟಿತು. ಪಶುಸಂಗೋಪನೆ ದೊಡ್ಡದಿರುವ ಕಡೆ ಅದೇ ಸರಿ ಎಂದು ನನ್ನ ಎಣಿಕೆ.

ವಿಮಾನ, ಹಡಗು ಎಣಿಕೆಯೊಳಗೋ ಹೊರಗೋ ಎಂಬುದನ್ನು ವ್ಯಾಖ್ಯೆಗಳ ಕಲಮಿನಲ್ಲೇ ನೋಡಿ. ಬ್ರಿಟನ್ನಿನ ಮೊದಲ ಐದು ಬಜೆಟ್‌ಗಳಲ್ಲಿ ಅಂತರರಾಷ್ಟ್ರೀಯ ಯಾನ ಇರಲಿಲ್ಲ, 2033–37ರದ್ದರಲ್ಲಿ ಸೇರಿತು.

ಕೊನೆಗೆ ಕ್ರಿಯಾಪದಗಳನ್ನು ಪೆನ್ಸಿಲಿನಲ್ಲಿ ಸುತ್ತುತ್ತೇನೆ. ‘ಇಳಿಸತಕ್ಕದ್ದು’ ಬೇರೆ, ‘ಇಳಿಸಲು ಶ್ರಮಿಸತಕ್ಕದ್ದು’ ಬೇರೆ. ಎರಡನೆಯದಕ್ಕೆ ಶ್ರಮಿಸಿದ್ದೇವೆ ಎಂದರೆ ಮುಗಿಯಿತು. ‘ಆದಷ್ಟು ಬೇಗ’ ಕೂಡ ಅದೇ ಜಾತಿ. ಬಜೆಟ್ ನಿಗದಿಯಾದ ಮೇಲೆ ಯೋಜನೆ ಮಂಡಿಸಲು ಬ್ರಿಟನ್ನಿನ ಕಾಯ್ದೆ ಇಂಥದ್ದೇ ಮಾತು ಬಳಸಿತು. ಐದನೇ ಬಜೆಟ್ 2016ರ ಜುಲೈನಲ್ಲಿ ಅಂಗೀಕಾರವಾಯಿತು, ಯೋಜನೆ ಬಂದದ್ದು 2017ರ ಅಕ್ಟೋಬರಿನಲ್ಲಿ. ನಾನು ಅಲ್ಲಿ ‘ಆರು ತಿಂಗಳೊಳಗೆ’ ಎಂದು ತಿದ್ದುತ್ತೇನೆ.